ಬಾಗಲವಾಡದ ಹುಲಿ ಮತ್ತು ಶಾಮೀದಸಾಬನ ಹೊಟ್ಟೆ

ಡಬ್, ಡಬ್, ಡಬ್. ಆಮೇಲೆ ಅಂಗೈಯಿಂದ ಎರಡು ಪೆಟ್ಟು, ಧಪ್, ಧಪ್. "ಹೊಂಟಿತು. ಮುಂದಿಂದು ಬರ್ಲಿ."

ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಹಗಲೆಲ್ಲ ಕೇಳುವ ಸದ್ದು ಇದು. ಬಿಗಿದು ಕಟ್ಟಿದ ಹತ್ತಿ ಅಂಡಿಗೆಯ ಮೇಲೆ ಅಕ್ಷರ ಕೊರೆದ ತಗಡು ಇಟ್ಟು, ಮಸಿಯಲ್ಲಿ ಅದ್ದಿದ ಕುಂಚದಿಂದ ಕುಟ್ಟಿ, ಮಿಲ್ಲಿನ ಗುರುತು ಮೂಡಿಸಿ, ಅಂಡಿಗೆಯ ಹೊಟ್ಟೆಗೆ ಎರಡು ಪೆಟ್ಟು ಕೊಟ್ಟು ಕಳಿಸುವವನು ಶಾಮೀದಸಾಬ. ಆ ಎರಡು ಪೆಟ್ಟು ಯಾಕೆ ಎಂದು ಕೇಳಿದರೆ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಲೆ ಸವರುವುದಿಲ್ಲವೇ, ಹಾಗೆ ಎನ್ನುತ್ತಿದ್ದ. ಅವನು ಗುರುತು ಹಾಕಿದ ಅಂಡಿಗೆಗಳು ಬೊಂಬಾಯಿಯ ಸಮುದ್ರ ಕಂಡಿದ್ದವು. ಅವನು ಗುಂತಕಲ್ಲಿನಿಂದ ಆಚೆ ಹೋದವನಲ್ಲ.

ಇಂಥ ಕಲಾವಿದನಿಗೆ ಮಾವನ ಮನೆಯಲ್ಲಿ ಮಾತ್ರ ಕವಡೆಯ ಕಿಮ್ಮತ್ತು ಇರಲಿಲ್ಲ.

ಮಾವ ಸತ್ತಾರ್ ಸಾಬ್ ಬಾಗಲವಾಡದವರು. ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ಮಾರುವವರು. ಅವರಿಗೆ ಇಬ್ಬರು ಅಳಿಯಂದಿರು. ಹಿರಿಯವನು ಕುತುಬುದ್ದೀನ್, ಹೈದರಾಬಾದಿನಲ್ಲಿ ದರ್ಜಿ. ಮನೆಗೆ ಯಾರಾದರೂ ಬಂದರೆ ಸತ್ತಾರ್ ಸಾಬರು ಕುತುಬುದ್ದೀನನ ಹೆಗಲ ಮೇಲೆ ಕೈಯಿಟ್ಟು, "ಇವನು ನಮ್ಮ ಅಳಿಯ. ಹೈದರಾಬಾದಿನ್ಯಾಗ ಸೂಟು ಹೊಲಿತಾನ" ಎನ್ನುವರು. ಆಮೇಲೆ ಅವರ ಕಣ್ಣು ಶಾಮೀದಸಾಬನ ಮೇಲೆ ಬೀಳುತ್ತಿತ್ತು. "ಇಂವ..." ಎಂದು ಒಂದು ಗಳಿಗೆ ಯೋಚಿಸಿ, "ಚಾ ಕುಡೀರಿ, ಆರತದ" ಎಂದು ಮುಗಿಸುವರು.

'ಇವನು ನಮ್ಮ ಅಳಿಯ' ಎಂಬ ಆ ಮಾತನ್ನು ಆ ಬಾಯಿಂದ ಒಮ್ಮೆ ಕೇಳಬೇಕು. ಶಾಮೀದಸಾಬನಿಗೆ ಜೀವನದಲ್ಲಿ ಬೇರೆ ಹೆಚ್ಚಿನ ಆಸೆ ಇರಲಿಲ್ಲ. (ಕುಂಚದ ಕೂದಲು ಉದುರಬಾರದು ಎಂಬುದೊಂದಿತ್ತು. ಅದು ವೃತ್ತಿಗೆ ಸಂಬಂಧಿಸಿದ್ದು.)

ಹೀಗಿರುವಾಗ ಎಂಬತ್ತಮೂರನೇ ಇಸವಿಯ ಒಂದು ಶುಕ್ರವಾರ, ಮಿಲ್ಲಿಗೆ ರಜೆ ಇದ್ದ ದಿನ, ಹೆಂಡತಿಯ ತಮ್ಮ ಸಲಾವುದ್ದೀನ್ ಬಗಲಲ್ಲಿ ಒಂದು ಗಂಟು ಇಟ್ಟುಕೊಂಡು ಬಂದ. ಅವನು ಬಾಗಲವಾಡದ ಕಬಡ್ಡಿ ತಂಡದ ಕ್ಯಾಪ್ಟನ್.

"ದುಲ್ಹಾಭಾಯಿ, ನಾಳೆ ಮಾನ್ವಿಯೊಳಗ ಪಂದ್ಯ ಅದ. ಈ ಸಲ ಹೊಸಾ ಕಾಯ್ದೆ ಮಾಡ್ಯಾರ. ಆಡೋರ ಎದಿ ಮ್ಯಾಲ ಊರ ಹೆಸರು, ಬೆನ್ನ ಮ್ಯಾಲ ನಂಬರು ಇರಬೇಕಂತ. ಇಲ್ಲಂದ್ರ ಹೊರಗ. ಬೋರ್ಡು ಬರಿಯೋ ಪೇಂಟರ್ ಊರಾಗ ಇಲ್ಲ."

ಗಂಟು ಬಿಚ್ಚಿದ. ಏಳು ಬಿಳೀ ಅಂಗಿಗಳು, ಮೊಸರಿನ ಕೆನೆಯಂತೆ ಮೆತ್ತಗೆ.

"ತೋಳಿನ ಬನಿಯನ್ನ?" ಎಂದಳು ಗುಲ್ಶನ್ ಬೇಗಂ, ಶಾಮೀದಸಾಬನ ಹೆಂಡತಿ.

"ಬನಿಯನ್ ಅಲ್ಲ ಆಪಾ, ಟೀ ಶರ್ಟು. ಕುತುಬುದ್ದೀನ್ ದುಲ್ಹಾಭಾಯಿ ಹೈದರಾಬಾದಿನಿಂದ ಕಳಿಸ್ಯಾರ. ಇಲ್ಲಿ ಹುಡುಕಿದ್ರೂ ಸಿಗಂಗಿಲ್ಲ, ಜ್ವಾಕಿ."

ಕುತುಬುದ್ದೀನನ ಹೆಸರು ಕಿವಿಗೆ ಬಿದ್ದದ್ದೇ ತಡ, ಶಾಮೀದಸಾಬನ ಎದೆಯಲ್ಲಿ ಮಿಲ್ಲಿನ ಯಂತ್ರ ಶುರುವಾಯಿತು. "ಬಿಟ್ಟು ಹೋಗು. ಮುಂಜಾನಿ ಹೆಸರು, ನಂಬರು, ಮ್ಯಾಲ ಒಂದು ಹುಲಿ ಸೈತ ಬರೆದು ನಾನೇ ಮಾನ್ವಿಗೆ ತರ್ತೀನಿ. ನಿಮ್ಮಪ್ಪಗ ಹೇಳು."

ಸಲಾವುದ್ದೀನ್ ಸೈಕಲ್ ಹತ್ತಿದ. ಶಾಮೀದಸಾಬ ಎಣ್ಣೆಡಬ್ಬಿಯ ತಗಡು ಕತ್ತರಿಸಿ ಕೂತ. ಅಕ್ಷರಗಳು ಮುತ್ತಿನಂತೆ ಬಂದವು. ಹುಲಿ ಮಾತ್ರ ಸ್ವಲ್ಪ ಹಟ ಮಾಡಿತು.

"ಇದಕ್ಕ ಯಾಕ ಹೊಟ್ಟಿನೋವು ಬಂದದ?" ಎಂದಳು ಗುಲ್ಶನ್.

"ಗರ್ಜನಿ ಮಾಡಾಕತ್ತದ."

"ಹಾಲು ಕೇಳಾಕತ್ತದ ಅಂದ್ಕೊಂಡೆ."

ಆತ ಮೊದಲ ಅಂಗಿಯನ್ನು ನೆಲದ ಮೇಲೆ ಹಾಸಿ ತಗಡು ಇಟ್ಟ.

"ಏನ್ರೀ, ಒಳಗ ಏನಾರ ಹಲಗಿ ಇಡ್ರಿ. ಮಸಿ ಹಿಂದಿನ ಅರಿವಿಗೆ ಇಳಿತದ."

"ಇಷ್ಟು ವರ್ಷ ಅಂಡಿಗಿಗೆ ಮಸಿ ಹೊಡದೀನಿ. ಯಾವ ಅಂಡಿಗಿ ಹೊಟ್ಟಿಯೊಳಗ ಹಲಗಿ ಇಟ್ಟೀನಿ, ಹೇಳು."

"ಅಂಡಿಗಿಗೆ ಬೆನ್ನು ಇರಂಗಿಲ್ಲರೀ. ಬನಿಯನ್‌ಗೆ ಇರತದ."

ಡಬ್, ಡಬ್, ಡಬ್. ಧಪ್, ಧಪ್. ಮಸಿ ಅರಿವೆಯ ಎದೆ ದಾಟಿ ಬೆನ್ನಿಗೆ ಇಳಿಯಿತು. ಬಿಸಿಲಿಗೆ ಹಾಕಿ ತೆಗೆದಾಗ ಎದೆ ಬೆನ್ನು ಎರಡೂ ಹೊಸ ಮದುಮಕ್ಕಳಂತೆ ಅಂಟಿಕೊಂಡಿದ್ದವು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಹಿಡಿದು ಜಗ್ಗಿದರು. ಚರ್ರ್ ಎಂದಿತು. ಹುಲಿ ಇದ್ದಲ್ಲಿ ಒಬ್ಬ ಮನುಷ್ಯ ತಲೆ ತೂರಿಸಬಹುದಾದ ಕಿಟಕಿ ತೆರೆದುಕೊಂಡಿತು.



"ಹಲಗಿ ಕೊಡು" ಎಂದ ಶಾಮೀದಸಾಬ, ತಗ್ಗಿದ ದನಿಯಲ್ಲಿ.

ಮನೆಯಲ್ಲಿ ಹಲಗೆ ಎಂದರೆ ರೊಟ್ಟಿ ಬಡಿಯುವ ಹಲಗೆ ಒಂದೇ. ಅದಕ್ಕೆ ಮಸಿ ಮುಟ್ಟಿಸುವ ಮಾತು ಬಂದರೆ ತವರಿಗೆ ಹೋಗುತ್ತೇನೆ ಎಂದಳು ಗುಲ್ಶನ್. ತಾಟು ಇಟ್ಟು ನೋಡಿದರು, ಜಾರಿತು. ದಿಂಬು ಇಟ್ಟರು, ಕುಗ್ಗಿತು. ಆ ಹೈದರಾಬಾದಿ ಅರಿವೆ ಎಳೆದು ಬಿಗಿ ಹಿಡಿದರೆ ಮಾತ್ರ ಮಾತು ಕೇಳುವಂಥದ್ದು. ಗುಲ್ಶನ್ ಮನೆಯ ಸಾಮಾನುಗಳ ಮೇಲೆಲ್ಲ ಕಣ್ಣಾಡಿಸಿದಳು. ಆಮೇಲೆ ಆ ಕಣ್ಣು ಗಂಡನ ಮೇಲೆ ಬಂದು ನಿಂತಿತು. ಮೇಲಿಂದ ಕೆಳಗೆ ಇಳಿಯಿತು. ನಡುವೆ ಒಂದು ಕಡೆ, ದುಂಡಗೆ ಇರುವಲ್ಲಿ, ವಿಶ್ರಾಂತಿ ಪಡೆಯಿತು.

"ನೀವೇ ಹಾಕ್ಕೋರಿ" ಎಂದಳು.

ಅಂಗಿ ಶಾಮೀದಸಾಬನ ಮೈಮೇಲೆ ಡೋಲಿನ ಚರ್ಮದಂತೆ ಬಿಗಿಯಿತು. ಒಂದು ಸುಕ್ಕಿಲ್ಲ. ಅವನು ಗೋಡೆಗೆ ಒರಗಿ ನಿಂತ. ಕುಂಚ ಗುಲ್ಶನ್ ಕೈಗೆ ಹೋಯಿತು. (ರಾಜ್ಯಗಳು ಹೀಗೇ ಕೈ ಬದಲಾಗುತ್ತವೆ. ಯುದ್ಧ ಎಂಬುದೆಲ್ಲ ಆಮೇಲೆ ಬರೆಯುವುದು.)

"ಉಸುರು ಬಿಡಬ್ಯಾಡ್ರಿ. ಹುಲಿ ಅಳ್ಳಾಡತದ."

"ಸತ್ತೇನು."

"ಏಳು ಮಂದಿ ಮರ್ಯಾದಿ ಪ್ರಶ್ನಿ ಅದ."

ಡಬ್, ಡಬ್, ಡಬ್. ಎದೆಗೆ ಊರು, ಹೊಟ್ಟೆಗೆ ಹುಲಿ, ತಿರುಗಿಸಿ ಬೆನ್ನಿಗೆ ನಂಬರು. ಮುಗಿದ ಮೇಲೆ ಅವಳು ಗಂಡನ ಹೊಟ್ಟೆಗೆ ಎರಡು ಪೆಟ್ಟು ಕೊಟ್ಟಳು. ಧಪ್, ಧಪ್. "ಹೊಂಟಿತು. ಮುಂದಿಂದು ಬರ್ಲಿ."

ಹಾಗೆ ಉಳಿದ ಆರೂ ಅಂಗಿಗಳು ಸಂಜೆಯೊಳಗೆ ಮುಗಿದವು. ಹಗ್ಗದ ಮೇಲೆ ಆರು ಹುಲಿಗಳು ಗಾಳಿಗೆ ಆಡುತ್ತಿದ್ದುದನ್ನು ನೋಡಿ ಶಾಮೀದಸಾಬನ ಕಣ್ಣು ತುಂಬಿ ಬಂತು. ಮೈ ನೋಡಿಕೊಂಡಾಗ ಇನ್ನಷ್ಟು ತುಂಬಿ ಬಂತು. ಮಸಿ ಅರಿವೆಯಲ್ಲಿ ನಿಲ್ಲದೆ ಚರ್ಮಕ್ಕೆ ಇಳಿದಿತ್ತು. ಎದೆಯ ಮೇಲೆ ಬಾಗಲವಾಡ ಆರು ಸಲ. ಹೊಟ್ಟೆಯ ಮೇಲೆ ಹುಲಿಗಳ ಒಂದು ಸಂಸಾರ. ಬೆನ್ನ ಮೇಲೆ ಒಂದರಿಂದ ಆರರವರೆಗಿನ ಅಂಕಿಗಳು ಒಂದರ ಮೇಲೊಂದು ಕೂತು ಕೊಂಬೆ ಹೆಣೆದುಕೊಂಡ ಜಾಲಿಮರದಂತೆ ಕಾಣುತ್ತಿದ್ದವು. ಮಳೆಗೂ ಹೋಗದ ಅಂಡಿಗೆ ಮಸಿ ಅದು. ಕಡಲೆಹಿಟ್ಟು, ಸೀಮೆಎಣ್ಣೆ, ಇಟ್ಟಿಗೆ ಪುಡಿ ಎಲ್ಲ ಆಯಿತು. ಚರ್ಮ ಕೆಂಪಾಯಿತು. ಕೆಂಪಿನ ಮೇಲೆ ಕಪ್ಪು ಇನ್ನೂ ಚೆನ್ನಾಗಿ ಎದ್ದಿತು.

ಮರುದಿನ ಮಾನ್ವಿಯ ಮೈದಾನದಲ್ಲಿ ಜನವೋ ಜನ. ಪಂದ್ಯಕ್ಕೆ ದೇವದುರ್ಗದ ತಂಡ ಎದುರು. ಆರು ಮಂದಿ ಹುಲಿ ಧರಿಸಿದರು. ಏಳನೆಯವನು ಮೀರಾಹುಸೇನ, ತಂಡದ ಗಟ್ಟಿ ಆಳು, ಕೈ ಚಾಚಿ ನಿಂತ.

"ಅದು..." ಎಂದ ಶಾಮೀದಸಾಬ. "ಅದಕ್ಕ ಸ್ವಲ್ಪ ಗಾಳಿ ಆಡಾಕತ್ತದ." ಹರಿದ ಅಂಗಿ ತೋರಿಸಿದ.

ರೆಫರಿಯಾಗಿದ್ದ ಡ್ರಿಲ್ ಮಾಸ್ತರು ಸೀಟಿ ಬಾಯಿಂದ ತೆಗೆದರು. "ಎದಿ ಮ್ಯಾಲ ಹೆಸರಿಲ್ಲ, ಬೆನ್ನ ಮ್ಯಾಲ ನಂಬರಿಲ್ಲ. ಇವನು ಆಡಂಗಿಲ್ಲ. ಏಳು ಮಂದಿ ಇಲ್ಲಂದ್ರ ನೀವೂ ಆಡಂಗಿಲ್ಲ."

ದೂರದಲ್ಲಿ ಬಟ್ಟೆಗಂಟಿನ ಮೇಲೆ ಕೂತಿದ್ದ ಸತ್ತಾರ್ ಸಾಬರು ಎದ್ದು ನಿಂತದ್ದು ಶಾಮೀದಸಾಬನಿಗೆ ಕಂಡಿತು. ಊರಿಗೆ ಊರೇ ಸೋತರೆ ಆ ಮಾತು ಈ ಜನ್ಮದಲ್ಲಿ ಬರುವುದಿಲ್ಲ. ಭೂಮಿ ಬಾಯಿಬಿಡಲಿ ಎಂದುಕೊಳ್ಳುತ್ತ ಅಂಗಿಯ ಮೇಲಿನ ಗುಂಡಿ ಸಡಿಲಿಸಿ ಗಾಳಿ ತಗೊಂಡ. ಅಷ್ಟರಲ್ಲಿ ಸಲಾವುದ್ದೀನನ ಕಣ್ಣಿಗೆ ಆ ಸಂದಿಯಲ್ಲಿ 'ಬಾಗ' ಎಂಬ ಎರಡಕ್ಷರ ಬಿದ್ದವು.

"ದುಲ್ಹಾಭಾಯಿ, ಅಂಗಿ ಬಿಚ್ರಿ."

ಬಿಚ್ಚಿದರು ಎಂಬುದೇ ಸರಿ. ಅವನಾಗಿ ಬಿಚ್ಚಲಿಲ್ಲ.

ಡ್ರಿಲ್ ಮಾಸ್ತರು ಸುತ್ತು ಹಾಕಿ ನೋಡಿದರು. ಎದೆಯ ಮೇಲೆ ಊರು ಇತ್ತು, ಒಂದಲ್ಲ ಆರು. ಬೆನ್ನ ಬಳಿ ಬಂದು ಕನ್ನಡಕ ಏರಿಸಿಕೊಂಡರು. "ಇದು ಯಾವ ನಂಬರು?"

"ನಿಮಗ ಯಾವುದು ಬೇಕೋ ಅದನ್ನ ಓದ್ಕೋರಿ ಸರ್" ಎಂದ ಸಲಾವುದ್ದೀನ್.

ಹೀಗೆ ನಲವತ್ತು ದಾಟಿದ ಶಾಮೀದಸಾಬ ಕಬಡ್ಡಿ ಅಂಗಳಕ್ಕೆ ಇಳಿದ. "ನೀವು ಏನೂ ಮಾಡಬ್ಯಾಡ್ರಿ. ಮೂಲಿಯೊಳಗ ನಿಂದರ್ರಿ, ಸಾಕು" ಎಂದಿದ್ದ ಭಾವಮೈದುನ. ನಿಂತ. ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಸಮ. ದೇವದುರ್ಗದ ಕ್ಯಾಪ್ಟನ್ ಕನಕಪ್ಪ, ಹೋರಿಯಂಥ ಆಳು, ಕಬಡ್ಡಿ ಕಬಡ್ಡಿ ಎನ್ನುತ್ತ ನೇರ ಇವನ ಕಡೆಗೇ ಬಂದ. ಓಡಲು ಜಾಗವಿರಲಿಲ್ಲ. ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಶಾಮೀದಸಾಬ ಕಣ್ಣು ಮುಚ್ಚಿ, ಉರುಳುವ ಅಂಡಿಗೆಯನ್ನು ತಬ್ಬಿ ನಿಲ್ಲಿಸುವಂತೆ ಕನಕಪ್ಪನನ್ನು ತಬ್ಬಿದ. ಕನಕಪ್ಪ ಕೊಸರಿದ, ಒದರಿದ, ಕೊನೆಗೆ ಉಸಿರು ಕಳೆದುಕೊಂಡ. ಸೀಟಿ ಊದಿದ ಮೇಲೂ ಶಾಮೀದಸಾಬ ಬಿಡಲಿಲ್ಲ. ಬಿಟ್ಟದ್ದು ಕನಕಪ್ಪನ ಬೆನ್ನಿಗೆ ಎರಡು ಪೆಟ್ಟು ಕೊಟ್ಟ ಮೇಲೆ. ಧಪ್, ಧಪ್. "ಹೊಂಟಿತು. ಮುಂದಿಂದು ಬರ್ಲಿ."

ಮಾನ್ವಿಯ ಬೇವಿನ ಮರಗಳ ಗಿಳಿಗಳೆಲ್ಲ ಹಾರಿದವು, ಅಂಥ ಕೇಕೆ. ಹೆಗಲ ಮೇಲೆ ಹೊರಲು ಹೋದರು, ಆಗಲಿಲ್ಲ. ನಡೆಸಿಕೊಂಡೇ ಮೆರೆಸಿದರು.

ಮುಂದಿನ ಶುಕ್ರವಾರ ರಾಯಚೂರಿನ ಮನೆಯ ಮುಂದೆ ಸತ್ತಾರ್ ಸಾಬರು ಬಂದು ನಿಂತರು. ಜೊತೆಗೆ ಅದೇ ಕನಕಪ್ಪ, ಪಕ್ಕೆ ಸವರಿಕೊಳ್ಳುತ್ತ. ಚಾ ಬರುವ ಮೊದಲೇ ಮಾವ ಎದ್ದು, ಶಾಮೀದಸಾಬನ ಹೆಗಲ ಮೇಲೆ ಕೈಯಿಟ್ಟರು.

"ಇವನು ನಮ್ಮ ಅಳಿಯ" ಎಂದರು.

ಶಾಮೀದಸಾಬ ಇಷ್ಟು ವರ್ಷ ಕಾದ ಮಾತು ಹತ್ತಿಯ ಎಳೆಯಂತೆ ಹಗುರಾಗಿ ಬಂದು ಎದೆಯ ಮೇಲೆ ಕೂತಿತು. ಅದನ್ನು ಅವನು ಅನುಭವಿಸುವಷ್ಟರಲ್ಲಿ ಮಾವ ಅವನ ಅಂಗಿ ಕಳಚಿ ತಮ್ಮ ಕೈಗೆ ಹಾಕಿಕೊಂಡಿದ್ದರು.

"ನೋಡ್ರಿ" ಎಂದು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಸಂತೆಯಲ್ಲಿ ಬಟ್ಟೆ ತೋರಿಸುವಂತೆ ಉಜ್ಜಿದರು. "ಪಕ್ಕಾ ಬಣ್ಣ. ಇಡೀ ವಾರ ತಿಕ್ಯಾನ, ಒಂದು ಹುಲಿನೂ ಅಳಿಸಿಲ್ಲ. ಇದೆಲ್ಲ ನನ್ನ ಮಗಳ ಕೈಕೆಲಸ. ಹೈದರಾಬಾದಿನ ದರ್ಜಿಗೂ ಬರಂಗಿಲ್ಲ."

ಕನಕಪ್ಪ ಬಗ್ಗಿ ನೋಡಿದ. "ಅಕ್ಷರ ಚೊಲೋ ಮೂಡ್ಯಾವ್ರಿ. ನಮ್ಮ ಹುಡುಗರಿಗೆ ಸಿಂಹ ಬೇಕಾಗಿತ್ತು."

"ಸಿಂಹ ಆಗತದ" ಎಂದಿತು ಪರದೆಯ ಹಿಂದಿನಿಂದ ಗುಲ್ಶನ್ ದನಿ. "ಎಡಗಡೆ ಪಕ್ಕೆಯೊಳಗ ಇನ್ನೂ ಜಾಗ ಅದ. ಯಣ್ಣಾ, ನಂಬರು ಹಿಂದ ಅದಾವ. ಏನ್ರೀ, ಸ್ವಲ್ಪ ತಿರುಗ್ರಿ, ಅವರು ನೋಡ್ಲಿ."

ಶಾಮೀದಸಾಬ ತಿರುಗಿದ. ಎದುರಿಗೆ ಬಾಗಿಲು ತೆರೆದಿತ್ತು. ಚಪ್ಪಲಿ ಮೆಟ್ಟಿ ಹಾಗೇ ಹೊರಟ. ಮಾವನ ಕೈಯಲ್ಲಿ ಅಂಗಿ ಉಳಿಯಿತು. ಬೀದಿಯ ಬಿಸಿಲಲ್ಲಿ ಆರು ಅಂಕಿಗಳು ರಜೆ ಇದ್ದ ಮಿಲ್ಲಿನ ದಾರಿ ಹಿಡಿದವು.

"ನಡದಾಗ ಇನ್ನೂ ಚಂದ ಕಾಣತಾವ ಅಲ್ಲೇನ್ರಿ?" ಎಂದರು ಸತ್ತಾರ್ ಸಾಬರು.

ಪರದೆಯ ಹಿಂದೆ ಬಾಗಿಲ ಚೌಕಟ್ಟಿಗೆ ಅಂಗೈ ಎರಡು ಸಲ ಬಡಿದ ಸದ್ದಾಯಿತು.

"ಹೊಂಟಿತು" ಎಂದಳು ಗುಲ್ಶನ್. "ಮುಂದಿಂದು ಹೇಳ್ರಿ ಯಣ್ಣಾ, ಸಿಂಹಕ್ಕ ಬಾಲ ಮ್ಯಾಲ ಇರಬೇಕೋ, ಕೆಳಗೋ?"