ಮಂಗಳನ ಬದಲು ಬಂದವಳು

ಐವತ್ತಾರನೆಯ ಇಸವಿಯ ಭಾದ್ರಪದದಲ್ಲಿ ಕುಂಭಾರಿಯ ಧೂಳಪ್ಪ ಮಹಾಸಂಕಲ್ಪವೊಂದನ್ನು ಮಾಡಿದ್ದ: ಭೂಮಿಯ ಹತ್ತಿರ ಬರುವ ಮಂಗಳನನ್ನು ಊರಿಗೆಲ್ಲ ಮೊದಲು ತಾನೇ ದುರ್ಬೀನಿನಲ್ಲಿ ಹಿಡಿಯಬೇಕು! ಸೊಲ್ಲಾಪುರದಲ್ಲಿ ಅವನು ಕೆಲಸ ಮಾಡುವ ಫೋಟೋ ಅಂಗಡಿಯಿಂದ ಒಡೆದ ಕ್ಯಾಮೆರಾದ ಲೆನ್ಸ್ ಬಂತು. ಗಿರಣಿಯಿಂದ ಬಟ್ಟೆ ಸುತ್ತುವ ರಟ್ಟಿನ ಕೊಳವೆ ಬಂತು. ಇನ್ನೊಂದು ಗಾಜು ಮಾತ್ರ ಅಕ್ಕಲಕೋಟೆಯಿಂದ ಬಂದಿದ್ದ ಮಾವ ಹಣಮಂತಪ್ಪನ ಮೂಗಿನ ಮೇಲಿತ್ತು. ಮಾವ ಮಧ್ಯಾಹ್ನ ಮಲಗಿದಾಗ ಧೂಳಪ್ಪ ಚಷ್ಮೆಯ ಬಲಗಣ್ಣು ಕಿತ್ತ. ಎದ್ದ ಮಾವ ಹೊಸ್ತಿಲು ಎಡವಿ ಬಿದ್ದ. ಹೆಂಡತಿ ನೀಲಗಂಗಾ ಅಪ್ಪನ ಕೈಹಿಡಿದು ತವರಿಗೆ ಹೊರಟುಹೋದಳು.

ಹದಿನೈದು ದಿನವಾದರೂ ಬರಲಿಲ್ಲ. ಸುಟ್ಟ ರೊಟ್ಟಿ ತಿನ್ನುತ್ತ, ಅವಳು ಬಂದರೆ ಸಾಕಪ್ಪಾ ಎಂದು ಧೂಳಪ್ಪ ದೇವರಿಗೆ ಮೊರೆಯಿಡುತ್ತಿದ್ದ. ಆದರೆ ಮಂಗಳ ಕಾಯುತ್ತಾನೆಯೇ! ದುರ್ಬೀನಿಗೆ ವಿಭೂತಿ ಹಚ್ಚಿ, ಅದರ ಮೊದಲ ನೋಟ ಆಕಾಶದ್ದೇ ಆಗಬೇಕೆಂದು ಆಣೆ ಹಾಕಿಕೊಂಡು, ಅಲ್ಲಿಯತನಕ ಎದುರಿನ ಗೋಡೆಯನ್ನೂ ಅದರಲ್ಲಿ ನೋಡದೆ ಕಟ್ಟಿಟ್ಟಿದ್ದ.

ಮಂಗಳ ಹತ್ತಿರ ಬರುವ ದಿನ ಮುಸ್ಸಂಜೆ ಮಾಳಿಗೆ ಹತ್ತಿದ. ಗಾಳಿ ನಿಂತಿತ್ತು. ನಾಯಿಗಳೂ ಸುಮ್ಮನಿದ್ದವು. ಅಕ್ಕಲಕೋಟೆ ರಸ್ತೆಯ ಕೊನೆಗೆ ಕೆಂಪಗೆ ಏನೋ ಮಿನುಗಿದಂತಾಗಿ ಕೊಳವೆ ತಿರುಗಿಸಿದ. ಒಳಗೆ ಒಬ್ಬ ಹೆಂಗಸು. ಕಾಲು ಮೇಲೆ, ತಲೆ ಕೆಳಗೆ! ನೆಲವೇ ಅವಳ ಪಾದದ ಮೇಲೆ ಚಾವಣಿಯಂತೆ ನಿಂತಿತ್ತು. ಮುಖ ಕಾಣಲಿಲ್ಲ, ಸೀರೆಯ ಬಣ್ಣ ತಿಳಿಯಲಿಲ್ಲ. ಸದ್ದಿಲ್ಲದೆ ಅವನ ಮನೆಯ ಕಡೆಗೇ ಬರುತ್ತಿದ್ದಳು.

ಧೂಳಪ್ಪ ಏಣಿಯಿಂದ ಇಳಿದನೋ ಬಿದ್ದನೋ, ಅಂತೂ ಬಾಗಿಲಿಗೆ ಅಗಳಿ ಹಾಕಿದ. ಸ್ವಲ್ಪ ಹೊತ್ತಿಗೆ ಹೊರಗೆ ಥೇಟು ನೀಲಗಂಗಾಳ ದನಿ: "ಬಾಗ್ಲಾ ತಗೀರಿ."

ಕತ್ತಲಾದ ಮೇಲೆ ಮೂರನೆಯ ಸಲ ಕರೆಯುವತನಕ ಊರಲ್ಲಿ ಯಾರೂ ಓಗೊಡುವುದಿಲ್ಲ. ದೆವ್ವ ಎರಡೇ ಸಲ ಕರೆಯುತ್ತದೆ.

"ನಾನ ಬಂದೀನಿ. ಬಾಗ್ಲಾ ತಗೀರಿ."

ಬಾಯಿಗೆ ಧೋತರ ತುರುಕಿಕೊಂಡು ಮೂರನೆಯದಕ್ಕೆ ಕಾದ. ಬರಲಿಲ್ಲ. ಹೆಜ್ಜೆ ಸಪ್ಪಳ ದೂರವಾಯಿತು.

ಬೆಳಿಗ್ಗೆ ದೆವ್ವವನ್ನು ಗೆದ್ದ ಹುರುಪಿನಲ್ಲಿ ಎದುರುಮನೆಯತ್ತ ದುರ್ಬೀನು ಹಿಡಿದ. ಕಾಮಣ್ಣ ತಲೆಕೆಳಗಾಗಿ ಹಲ್ಲುಜ್ಜುತ್ತಿದ್ದ. ಅವನ ಎಮ್ಮೆಯೂ ತಲೆಕೆಳಗೆ! ತಲೆಕೆಳಗು ಮಾಡುವುದು ದುರ್ಬೀನೇ; ಹಾಗಾದರೆ ರಾತ್ರಿ ಬಂದವಳು? ಓಡಿಹೋಗಿ ಕೇಳಿದರೆ, ನೀಲಗಂಗಾ ರಾತ್ರಿ ತಮ್ಮಲ್ಲೇ ಮಲಗಿ ಮೊದಲನೇ ಬಸ್ಸಿಗೆ ತಿರುಗಿ ಹೋದಳೆಂದು ಕಾಮಣ್ಣ ತಿಳಿಸಿದ. ತಾನಾಗಿ ಬಂದು ಎರಡು ಸಲ ಕರೆದವಳು ಮೂರನೆಯ ಸಲ ಯಾಕೆ ಕರೆದಾಳು?

ಮುಂದಿನ ಬಸ್ಸಿಗೆ ಅಕ್ಕಲಕೋಟೆ ಸೇರಿದ ಧೂಳಪ್ಪ ಮಾವನ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತು ಹೆಂಡತಿಯನ್ನು ಕರೆದ. ತಪ್ಪಾಯಿತೆಂದು ಅಳುದನಿಯಲ್ಲಿ ಮತ್ತೆ ಕರೆದ. ಒಳಗಿನಿಂದ ಮಾವ, ಯಾರು ಬಂದಿದ್ದಾರೆ ನೋಡು ಎಂದು ಮಗಳಿಗೆ ಹೇಳಿದ್ದು ಕೇಳಿಸಿತು.

"ಎರಡ ಸಲ ಕರದಾರ ಯಪ್ಪಾ," ಎಂದಳು ನೀಲಗಂಗಾ. "ಇನ್ನೂ ಖಾತ್ರಿ ಇಲ್ಲ."