ನಾನು ಓಣಿಯ ಕಾರು ತೆಗೆಸಿದ್ದು

ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ರಾಯಚೂರಿನಲ್ಲಿ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ನಾನು 'ಮಾನ್ಯರೇ' ಎಂದು ಬರೆದರೆ ಓದುವ ಅಧಿಕಾರಿ ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು! ಹೀಗಾಗಿ ನನ್ನ ಹೆಂಡತಿ ಗಿರಿಜಾ, "ಮನಿ ಮುಂದಿನ ಆ ಕಾರು ತೆಗಸ್ರಿ" ಎಂದಾಗ ನಾನು ನಕ್ಕುಬಿಟ್ಟೆ.

"ಇಷ್ಟೇ ಏನು? ಒಂದು ಅರ್ಜಿ ಕೆಲಸ."

ಅದು ಒಂದು ಹಳೆಯ ಬಿಳಿ ಕಾರು. ಒಂದೂವರೆ ವರ್ಷದ ಹಿಂದೆ ಯಾರೋ ತಂದು ನಮ್ಮ ಗೇಟಿನ ಪಕ್ಕ ನಿಲ್ಲಿಸಿ ಹೋದವರು ಮತ್ತೆ ಬರಲಿಲ್ಲ. ಮೊದಲ ವಾರ ಯಾರದೋ ಮನೆಯ ಬೀಗರ ಕಾರಿರಬೇಕೆಂದು ಓಣಿಯವರೆಲ್ಲ ಅದಕ್ಕೆ ಮರ್ಯಾದೆ ಕೊಟ್ಟೆವು. ಎರಡನೇ ತಿಂಗಳಿಗೆ ನಾಲ್ಕೂ ಟೈರುಗಳ ಗಾಳಿ ಹೋಯಿತು, ಜೊತೆಗೆ ಮರ್ಯಾದೆಯೂ ಹೋಯಿತು. ಹೆಂಗಸರು ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸತೊಡಗಿದರು. ನಮ್ಮೂರ ಬಿಸಿಲಿಗೆ ಹನ್ನೆರಡಕ್ಕೆ ಹರವಿದ ಹಪ್ಪಳ ಒಂದು ಗಂಟೆಗೆ ಸುಟ್ಟೇ ಸಿಗುತ್ತಿತ್ತು! ಕಾರಿನ ಕೆಳಗೆ ಒಂದು ನಾಯಿ ಎರಡು ಬಾಣಂತನ ಮುಗಿಸಿತು.

ಇಷ್ಟು ದಿನ ಇಲ್ಲದ ಅವಸರ ಈಗ ಬಂದದ್ದು ಗಿರಿಜಾಳ ರೊಟ್ಟಿ ಕೇಂದ್ರದಿಂದ. ಅವಳು ಬಡಿದ ಜೋಳದ ರೊಟ್ಟಿ ತಿಂದವರು ಮತ್ತೊಬ್ಬರ ಮನೆಯಲ್ಲಿ ರೊಟ್ಟಿಗೆ ಕೈ ಹಾಕುವುದಿಲ್ಲ. ಓಣಿಯ ಕಡೆಗಿರುವ ಕೋಣೆಯ ಕಿಟಕಿಯಲ್ಲೇ ಅಂಗಡಿ ಎಂದು ಅವಳು ಗೊತ್ತು ಮಾಡಿದ್ದಳು. ಬೋರ್ಡು ಬರೆಸಿಯಾಗಿತ್ತು. ಆ ಕಿಟಕಿಗೆ ಸರಿಯಾಗಿ ಅಡ್ಡ ನಿಂತಿತ್ತು ಕಾರು.

"ಎಂಟು ವರ್ಷ ಆತು ಈ ಮಾತು ಎತ್ತಿ," ಎಂದಳು ಗಿರಿಜಾ. "ಒಮ್ಮೆ ಅತ್ತಿ ಆರಾಮ ಇರಲಿಲ್ಲ, ಒಮ್ಮೆ ಮಗಳ ಪರೀಕ್ಷಾ. ಈ ಸಲ ಒಂದು ತುಕ್ಕು ಹಿಡದ ಕಾರು ಅಡ್ಡ ಬಂತು ಅಂದ್ರ ನಾ ಮತ್ತ ಈ ಸುದ್ದಿ ಎತ್ತಂಗಿಲ್ಲ."

ಅವಳು ನಗುತ್ತಿರಲಿಲ್ಲ. ನಾನು ಎದೆ ತಟ್ಟಿ ಹೇಳಿದೆ: "ಮುಂದಿನ ತಿಂಗಳ ಮೊದಲ ಶುಕ್ರವಾರ ನಿನ್ನ ಅಂಗಡಿ ಸುರು. ಅಷ್ಟರೊಳಗ ಕಾರು ಹೋಗಿರ್ತದ."

ಆ ದಿನವೇ ಅರ್ಜಿ ಬರೆದೆ. ಕನ್ನಡ ಮಾಸ್ತರನಾಗಿ 'ಕಾರು' ಎಂಬ ಪರದೇಶಿ ಪದ ಬಳಸುವುದು ನನಗೆ ಒಗ್ಗಲಿಲ್ಲ. ಬರೆದದ್ದು ಹೀಗೆ: 'ನಮ್ಮ ಮನೆಯ ಮುಂದೆ ಒಂದೂವರೆ ವರ್ಷದಿಂದ ವಾರಸುದಾರರಿಲ್ಲದೆ, ಬಿಸಿಲು ಮಳೆಗೆ ಮೈಯೊಡ್ಡಿ, ಚಲನಶಕ್ತಿ ಕಳೆದುಕೊಂಡು, ಕಣ್ಣುಗಳೆರಡೂ ಮಸುಕಾಗಿ, ಅನಾಥವಾಗಿ ಬಿದ್ದಿರುವ ಈ ವೃದ್ಧ ಜೀವವನ್ನು ತಾವು ದಯವಿಟ್ಟು ಸಾಗಿಸಿ ಯೋಗ್ಯ ನೆಲೆ ಕಲ್ಪಿಸಬೇಕೆಂದು ವಿನಂತಿ.' ಓದಿ ನನಗೇ ಕಣ್ಣು ತುಂಬಿತು. ಪಾಲಿಕೆ ಕಚೇರಿಯಲ್ಲಿ ಕೊಟ್ಟು ಬಂದೆ.

ನಾಲ್ಕನೇ ದಿನ ರಜೆ. ಗಡ್ಡ ಬೋಳಿಸಿರಲಿಲ್ಲ. ಹರಿದ ಬನಿಯನ್ನು, ಮಾಸಿದ ಲುಂಗಿಯಲ್ಲಿ ಅದೇ ಕಾರಿನ ನೆರಳಿಗೆ ಕೂತು ತೂಕಡಿಸುತ್ತಿದ್ದೆ. ಯಾರೋ ಮೈಮೇಲೆ ಕಂಬಳಿ ಹೊದಿಸಿದರು!

ಕಣ್ಣು ಬಿಟ್ಟರೆ ಒಬ್ಬ ಗಂಡಸು, ಒಬ್ಬ ಹೆಂಗಸು. ಹಿಂದೆ ಒಂದು ವ್ಯಾನು. ನಿರ್ಗತಿಕರ ಆಶ್ರಮದವರು.

"ಯಜ್ಜಾ, ಏಳ್ರಿ. ಉಂಡೀರೇನು?" ಎಂದ ಆತ.

"ಕಣ್ಣು ಕಾಣಂಗಿಲ್ಲ ಪಾಪ, ಮೆಲ್ಲಕ ಹಿಡಿರಿ," ಎಂದಳು ಆಕೆ.

"ಯಾರಿಗೆ ಕಾಣಂಗಿಲ್ಲ? ನಾನು ಮಾಸ್ತರ್ರೀ!"

"ಹೌದ್ರಿ ಯಜ್ಜಾ. ನಮ್ಮಲ್ಲಿ ಆಗಲೇ ಇಬ್ಬರು ಮಾಸ್ತರು, ಒಬ್ಬರು ತಹಸೀಲ್ದಾರರು ಅದಾರ. ನಿಮಗ ಹೊತ್ತು ಚಲೋ ಹೋಗ್ತದ."

ನನ್ನ ಒಂದು ಕಾಲು ವ್ಯಾನಿನೊಳಗೆ ಹೋಗಿತ್ತು. ಪುಣ್ಯಕ್ಕೆ ಗಿರಿಜಾ ಹೊರಗೆ ಓಡಿ ಬಂದಳು. "ಬಿಡ್ರೀ, ಅವರಿಗೆ ವಾರಸುದಾರರು ಅದಾರ!"

ಆತ ಜೇಬಿನಿಂದ ನನ್ನ ಅರ್ಜಿಯ ಪ್ರತಿ ತೆಗೆದು ಕೊಟ್ಟ. ಕಚೇರಿಯವರು ಓದಿ, ಕರಗಿ, ನೇರ ಆಶ್ರಮಕ್ಕೆ ಕಳಿಸಿದ್ದರು. ಅವರದೇನೂ ತಪ್ಪಿರಲಿಲ್ಲ. ಗಿರಿಜಾ ಎರಡು ಸಲ ಓದಿದಳು.

"ಇದರಾಗ ಕಾರು ಅನ್ನೋ ಶಬ್ದ ಎಲ್ಲದ?"

ನಾನು ಕಂಬಳಿ ಮಡಚಿ ಕೊಟ್ಟೆ. ಅವರು ಒಂದು ಬಿಸ್ಕತ್ತಿನ ಪೊಟ್ಟಣ ಬಿಟ್ಟುಹೋದರು. ಬೇಡ ಎಂದರೂ ಕೇಳಲಿಲ್ಲ.

ಓಣಿಯ ತುದಿಗೆ ಪಂಕ್ಚರ್ ಅಂಗಡಿ ಇಟ್ಟಿರುವ ಮಹಿಬೂಬ್ ಚಾಚಾ ಇದನ್ನೆಲ್ಲ ನೋಡಿ, ನಕ್ಕು ಸುಸ್ತಾಗಿ, ನಂತರ ಒಂದು ಉಪಾಯ ಹೇಳಿದರು. "ಮಾಸ್ತರ್ ಸಾಬ್, ಕಾಗದಾ ಬಿಡ್ರಿ. ನಂಬರ್ ಪ್ಲೇಟ್ ಅದ ಅಲ್ಲ? ಠಾಣೇಕ್ ಹೋಗಿ ಮಾಲಕ್ ಯಾರು ಕೇಳ್ರಿ."

ಸಂಚಾರ ಠಾಣೆಯ ಅಧಿಕಾರಿ ಕಂಪ್ಯೂಟರು ನೋಡಿ ಹೇಳಿದರು: "ಕಳುವಿನ ಗಾಡಿ ಅಲ್ಲರಿ. ದೇವದುರ್ಗದ ರಂಗಣ್ಣ ಅನ್ನೋರ ಹೆಸರಿನಾಗ ಅದ. ನಾವು ನೋಟಿಸ್ ಕೊಟ್ಟು, ಗಡುವು ಮುಗಿಸಿ, ಎತ್ತಾಕ ತಿಂಗಳುಗಟ್ಟಲೆ ಬೇಕು. ಮಾಲಕರೇ ಬಂದು ಒಯ್ದರ ಒಂದು ದಿನದ ಕೆಲಸ."

ಮರುದಿನವೇ ದೇವದುರ್ಗದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ರಂಗಣ್ಣ ಯಾರು ಎಂದು ಕೇಳಿದೆ. ಪಕ್ಕದಲ್ಲಿ ಕೂತಿದ್ದ ದಪ್ಪ ಮೀಸೆಯ ಹಿರಿಯರು, "ನಾನೇ ರಂಗಣ್ಣ. ಏನಾಗಬೇಕು?" ಎಂದರು. ಇಷ್ಟು ಸುಲಭ! ಸಂತೋಷದಲ್ಲಿ ನಾನು ಹೇಳಿದೆ: "ನಿಮ್ಮದೊಂದು ಬಿಳೀದು ನಮ್ಮ ಮನಿ ಮುಂದ ನಿಂತದ."

ಅವರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. "ಸಿಕ್ತೇನ್ರಿ ನಮ್ಮಪ್ಪ! ಹುಡುಕದ ಊರಿಲ್ಲ. ಮೊದಲು ಮನೀಗಿ ಬರ್ರಿ!"

ಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಕೈತೊಳೆಯಲು ನೀರು ಬಂತು. ರೊಟ್ಟಿ, ಪುಂಡಿಪಲ್ಯ, ಮೇಲೆ ಗಟ್ಟಿ ಮೊಸರು ಬಂತು. ಒಂದು ಹಳೆಯ ಕಾರಿಗೆ ಇಷ್ಟು ಪ್ರೀತಿಯೇ ಎಂದು ನನಗೆ ಆಶ್ಚರ್ಯ.

"ಹೆಂಗದರೀ ಈಗ? ಸೊರಗೇದೇನು?" ಎಂದು ಕೇಳಿದರು ರಂಗಣ್ಣ.

"ಸೊರಗೇದ್ರಿ. ನಾಲ್ಕೂ ಕಾಲು ಕುಸದಾವ. ಕಣ್ಣು ಒಡದಾವ."

ಬಾಗಿಲ ಹಿಂದಿದ್ದ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಸಮಾಧಾನದ ಧಾಟಿಯಲ್ಲಿ ಮುಂದುವರಿಸಿದೆ: "ಸ್ವಲ್ಪ ಎಣ್ಣಿನೂ ಸೋರ್ತದ."

ರಂಗಣ್ಣ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಎತ್ತು ಎಣ್ಣಿ ಸೋರ್ತದೇನ್ರಿ?"

ಅವರು ಕಳೆದುಕೊಂಡಿದ್ದದ್ದು ಬಿಳಿ ಎತ್ತು! ನಾನು ಚಾಪೆಯ ಮೇಲೆ ಕೂತಲ್ಲೇ ಕುಗ್ಗಿದೆ. ಎರಡನೇ ಬಾರಿಯೂ 'ಕಾರು' ಎಂಬ ಒಂದು ಪದ ಬಾಯಿಂದ ಹೊರಡದೆ ಇಷ್ಟು ಅನರ್ಥ. ಅವರು ದೊಡ್ಡ ಮನುಷ್ಯರು. ಮೀಸೆ ಕುಣಿಯುವಂತೆ ನಕ್ಕು, "ಮೊಸರು ಬಿಡಬ್ಯಾಡ್ರಿ ಮಾಸ್ತರ, ಅದು ನಮ್ಮ ಎಮ್ಮೀದು," ಎಂದರು. ಊಟ ಮುಗಿಸಿ ಅವರೇ ಕರೆದೊಯ್ದು ಇನ್ನೊಬ್ಬ ರಂಗಣ್ಣನ ಮನೆ ತೋರಿಸಿದರು. ಆ ರಂಗಣ್ಣ ಎರಡೇ ಮಾತಿನಲ್ಲಿ ಮುಗಿಸಿದ: "ಮಾರಿ ಎರಡು ವರ್ಷ ಆತು. ಮಾನ್ವಿಯ ಶರಣಮ್ಮಗ."

ಮುಂದಿನ ಭಾನುವಾರ ಮಾನ್ವಿ. ಶರಣಮ್ಮ ನರ್ಸ್ ಕೆಲಸದಿಂದ ನಿವೃತ್ತರಾದವರು, ಅರವತ್ತು ದಾಟಿದವರು. ಈ ಸಲ ನಾನು ಹೊಸ್ತಿಲ ಹೊರಗೇ ನಿಂತು ಕೂಗಿದೆ: "ಕಾರು! ಕಾರು! ನಿಮ್ಮ ಬಿಳಿ ಕಾರು!"

ಆಕೆ ಓಡಿ ಬಂದು ಬಾಗಿಲು ಹಿಡಿದು ನಿಂತರು. "ಯವ್ವಾ! ಎಲ್ಲದರೀ ಅದು?"

ಕಥೆ ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲಸ ಬಿಟ್ಟ ಮೇಲೆ ಆಕೆ ಕಾರು ಕಲಿತರಂತೆ. ಮೊದಲ ಬಾರಿ ಒಬ್ಬರೇ ರಾಯಚೂರಿಗೆ ಬಂದ ದಿನ ಅದು ನಮ್ಮ ಓಣಿಯಲ್ಲಿ ಕೆಟ್ಟು ನಿಂತಿತು. ಮೆಕ್ಯಾನಿಕ್ಕನ್ನು ಹುಡುಕಿ ಕರೆತರಲು ಹೋದವರಿಗೆ ವಾಪಸು ಬರುವಾಗ ಓಣಿ ಸಿಗಲಿಲ್ಲ!

"ಎಲ್ಲಾ ಓಣಿ ಒಂದೇ ಥರ ಅದಾವ್ರಿ ನಿಮ್ಮೂರಾಗ. ಮೂರು ದಿನ ತಿರುಗಿದೆ. ಪೊಲೀಸರಿಗೆ ಏನಂತ ಹೇಳ್ಲಿ, ಕಾರು ಎಲ್ಲಿಟ್ಟೆ ಮರತೆ ಅಂತನಾ? ಮನ್ಯಾಗ, ಮಾರಿಬಿಟ್ಟೆ ಅಂದೆ. ಈ ವಯಸ್ಸಿನಾಗ ಕಾರು ಯಾಕ ಅಂತಿದ್ದೋರು ನೆಮ್ಮದಿಯಿಂದ ಮಲಗಿದ್ರು. ನನಗ ನಿದ್ದಿ ಇರಲಿಲ್ಲ."

ಆಕೆ ದೇವರ ಜಗಲಿಯಿಂದ ಕಾರಿನ ಕೀಲಿ ತಂದು ತೋರಿಸಿದರು. ಅದಕ್ಕೆ ದಿನಾ ವಿಭೂತಿ ಹಚ್ಚುತ್ತಿದ್ದರು. ಕಲ್ಲೂರಿನಲ್ಲಿ ಅಣ್ಣನ ಮಗ ಚನ್ನಬಸವನ ಟ್ರ್ಯಾಕ್ಟರ್ ಇದೆ, ಎಳೆದೊಯ್ಯುತ್ತೇವೆ ಎಂದರು. ಟ್ರ್ಯಾಕ್ಟರಿಗೆ ಬಿಡುವಿದ್ದದ್ದು ಒಂದೇ ದಿನ. ಶುಕ್ರವಾರ. ರೊಟ್ಟಿ ಕೇಂದ್ರ ಸುರುವಾಗುವ ಬೆಳಿಗ್ಗೆ!

"ಒಂಬತ್ತಕ್ಕ ಎಳದರ ಹತ್ತಕ್ಕ ಪೂಜಿ," ಎಂದು ನಾನು ಗಿರಿಜಾಗೆ ಧೈರ್ಯ ಹೇಳಿದೆ.

ಶುಕ್ರವಾರ ಶರಣಮ್ಮ ಇಳಕಲ್ ಸೀರೆಯುಟ್ಟು, ಹಾರ ತೆಂಗಿನಕಾಯಿ ಹಿಡಿದು ಟ್ರ್ಯಾಕ್ಟರಿನ ಮೇಲೆ ಬಂದಿಳಿದರು. ಕಾರಿನ ಬಾನೆಟ್ಟು ಸವರಿ, "ಬಡವಾಗೀದಿ ಬೇ ನೀನು," ಎಂದು ಕಣ್ಣೀರು ಹಾಕಿದರು. ಚಾಚಾ ಟೈರುಗಳಿಗೆ ಗಾಳಿ ತುಂಬಿದರು. ಓಣಿಯ ಜನ ಮಾಳಿಗೆ ಹತ್ತಿದರು. ಹಗ್ಗ ಕಟ್ಟಿಯಾಯಿತು. ಕಾರಿನೊಳಗೆ ಸ್ಟೀರಿಂಗ್ ಹಿಡಿಯಲು ಒಬ್ಬರು ಬೇಕಿತ್ತು.

"ನಾ ಕೂಡ್ತೀನಿ," ಎಂದರು ಶರಣಮ್ಮ.

ಇಷ್ಟು ಜನರ ಎದುರು ಹೆಣ್ಣುಮಗಳನ್ನು ಕೂರಿಸಿ ನಾನು ನೋಡುತ್ತ ನಿಲ್ಲುವುದೇ? "ನೀವು ನೆರಳಿಗೆ ನಿಲ್ರಿ ಅಮ್ಮಾರ. ನಾನದೀನಿ."

"ರೀ, ನಿಮಗ ಕಾರು ಬರಂಗಿಲ್ಲ," ಎಂದಳು ಗಿರಿಜಾ.

"ಎಳಿಯೋದು ಟ್ರ್ಯಾಕ್ಟರು. ನಂದೇನದ, ಕೂಡೋದು ಅಷ್ಟ!"

ಕೂತೆ. ಬಾಗಿಲು ಹಾಕಿದ ಹೊಡೆತಕ್ಕೆ ಒಳಗಿನ ಹಿಡಿಕೆ ಕೈಗೆ ಬಂತು. ಅದನ್ನು ಜೇಬಿಗೆ ಹಾಕಿಕೊಂಡೆ. ಟ್ರ್ಯಾಕ್ಟರು ಗುಡುಗಿತು. ಒಂದೂವರೆ ವರ್ಷದಿಂದ ಕದಲದ ಕಾರು ಕದಲಿತು! ಮಾಳಿಗೆಯಿಂದ ಸಿಳ್ಳೆ, ಚಪ್ಪಾಳೆ. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ ಗೆದ್ದ ಶಾಸಕರಂತೆ ಬೀಸಿದೆ.

ನಮ್ಮ ಓಣಿ ಸ್ವಲ್ಪ ಏರು. ಅರ್ಧ ಏರಿಗೆ ಹಗ್ಗ ಹರಿಯಿತು.

ಕಾರು ಹಿಂದಕ್ಕೆ ಉರುಳಿತು. ಚನ್ನಬಸವ "ಬ್ರೇಕ್! ಬ್ರೇಕ್!" ಎಂದು ಚೀರಿದ. ಕೆಳಗೆ ಮೂರು ಪೆಡಲ್ಲು ಇದ್ದವು. ಮೂರನ್ನೂ ತುಳಿದೆ. ಒಂದೂ ಕೇಳಲಿಲ್ಲ. ಸ್ಕೂಟರಿನ ಅಭ್ಯಾಸದಲ್ಲಿ ಹ್ಯಾಂಡಲ್ ತಿರುವಿದಂತೆ ಸ್ಟೀರಿಂಗ್ ತಿರುವಿದೆ. ದೊಡ್ಡ ಸದ್ದಾಯಿತು. ಕಣ್ಣು ಬಿಟ್ಟಾಗ ಗೇಟು ಕಾರಿನ ಹಿಂದೆ ಅಂಟಿಕೊಂಡಿತ್ತು, ಕಾರು ನಮ್ಮ ಮನೆಯ ಅಂಗಳದಲ್ಲಿ ನಿಂತಿತ್ತು. ಇಪ್ಪತ್ತು ವರ್ಷದಲ್ಲಿ ನನ್ನ ಸ್ಕೂಟರನ್ನೂ ನಾನು ಅಷ್ಟು ನೇರವಾಗಿ ನಿಲ್ಲಿಸಿದವನಲ್ಲ!

ಗಿರಿಜಾ ಬಂದು ಕಿಟಕಿಯಿಂದ ಇಣುಕಿದಳು. ಮುಖ ಬಿಳಿಚಿತ್ತು.

"ಪೆಟ್ಟಾತೇನ್ರಿ?"

"ಇಲ್ಲ. ನಿನ್ನ ರೊಟ್ಟಿ?"

ಅವಳು ತಿರುಗಿ ನೋಡಿದಳು. ಬುಟ್ಟಿಗಳು ಒಳಗೆ ಕ್ಷೇಮವಾಗಿದ್ದವು. ಕಿಟಕಿಯ ಮುಂದೆ ಖಾಲಿ ಜಾಗ, ಬಿಸಿಲು. ಬೋರ್ಡು ಮೊದಲ ಸಲ ಓಣಿಯ ತುದಿಯವರೆಗೆ ಕಾಣುತ್ತಿತ್ತು. ಗಿರಿಜಾ ನಗಲು ಸುರು ಮಾಡಿದಳು. ನಕ್ಕು ನಕ್ಕು ಕಾರಿಗೇ ಆನಿಕೊಂಡಳು. ಅವಳ ಹಿಂದೆ ಶರಣಮ್ಮ, ಚಾಚಾ, ಮಾಳಿಗೆಯವರು ಎಲ್ಲರೂ.

ಸದ್ದು ಕೇಳಿ ಮೂರು ಓಣಿಯ ಜನ ಓಡಿ ಬಂದಿದ್ದರು. ಬಂದವರು ಬರಿಗೈಲಿ ಹೋಗಲಿಲ್ಲ. ಶರಣಮ್ಮನೇ ಕಿಟಕಿಯ ಪಕ್ಕ ನಿಂತು, "ಬರ್ರಿ, ಬಿಸಿ ಅದಾವ, ಹಪ್ಪಳದಂಗ ಅದಾವ!" ಎಂದು ಕೂಗಿ ಕಾಗದದಲ್ಲಿ ಕಟ್ಟಿಕೊಟ್ಟರು. ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ಅಷ್ಟೂ ಹೊತ್ತು ನಾನು ಕಾರಿನೊಳಗೇ ಇದ್ದೆ. ಬಾಗಿಲಿನ ಹಿಡಿಕೆ ನನ್ನ ಜೇಬಿನಲ್ಲಿತ್ತಲ್ಲ! ಗುದ್ದಿದ ಹೊಡೆತಕ್ಕೆ ಆ ಬಾಗಿಲು ಹೊರಗಿನಿಂದಲೂ ತೆರೆಯಲಿಲ್ಲ. ಉಳಿದ ಬಾಗಿಲುಗಳು ತುಕ್ಕಿಗೆ ಕಚ್ಚಿಕೊಂಡಿದ್ದವು. ಕಡೆಗೆ ಚಾಚಾ ನನ್ನನ್ನು ಕಿಟಕಿಯಿಂದ ಎಳೆದು ತೆಗೆದರು.

ಹದಿನೈದು ದಿನ ಮೆಕ್ಯಾನಿಕ್ ನಮ್ಮ ಅಂಗಳದಲ್ಲೇ ಕೆಲಸ ಮಾಡಿದ. ಹದಿನಾರನೇ ದಿನ ಶರಣಮ್ಮ ಕೂತು ಕೀಲಿ ತಿರುವಿದರು. ಕಾರು ಕೆಮ್ಮಿತು, ಸೀನಿತು, ಸುರುವಾಯಿತು. ಆಕೆ ಹಾರ್ನ್ ಹೊಡೆಯುತ್ತ, ಒಂದು ಗೋಡೆಗೂ ತಾಕಿಸದೆ ಹೊರಟು, ಮಾನ್ವಿಯ ಮನೆಯ ಮುಂದೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರಂತೆ. ಈಗ ಹದಿನೈದು ದಿನಕ್ಕೊಮ್ಮೆ ಅದರಲ್ಲೇ ಬಂದು ನೂರು ರೊಟ್ಟಿ ಒಯ್ಯುತ್ತಾರೆ. ಗಿರಿಜಾ ಕೈಕೆಳಗೆ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡಿದ್ದಾಳೆ.

ಮೊನ್ನೆ ಸ್ಟೇಷನ್ನಿನಿಂದ ಆಟೋ ಹತ್ತಿ ಮನೆಯ ಗುರುತು ಹೇಳಿದೆ. ಚಾಲಕ ಮಧ್ಯದಲ್ಲೇ ತಡೆದ.

"ರೊಟ್ಟಿ ಮನೀಗಿ ಅಲ್ಲೇನ್ರಿ? ಭಾಳ ಚಲೋ ಇರ್ತಾವ. ಆ ಮನ್ಯಾಗ ಒಬ್ಬ ಮಾಸ್ತರ ಅದಾನಂತ, ಕಾರು ತಗೀತೀನಿ ಅಂತ ಹೋಗಿ ಮನ್ಯಾಗ ಹೊಗಿಸ್ಯಾನಂತ! ನೋಡೀರೇನ್ರಿ ಆತನ್ನ?"

"ನೋಡೀನಿ."

"ಹೆಂಗದಾನರೀ?"

"ಮನುಷ್ಯ ಒಳ್ಳೆಯವನು," ಎಂದೆ. "ಹೆಂಡತಿ ಮಾತು ಕೇಳಂಗಿಲ್ಲ ಅಷ್ಟ."