ಬೇಕಾದ್ರೆ ಬೇಕು ಅನ್ನು

ಅವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲಿನ ಪ್ಯಾಕೆಟ್ ಒಳಗೆ ತಂದೆ, ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಎಳೆದೆ, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಚಟ್ನಿಗೆ ಕಾಯಿ ತುರಿದೆ. ಆಮೇಲೆ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, ಗೋಡೆಯ ಕ್ಯಾಲೆಂಡರಿಗೆ "ಕಾಫಿ ಆಗಿದೆ" ಎಂದು ತಿಳಿಸಿದೆ. ನನ್ನ ಗಂಡ ಪೇಪರಿನ ಹಿಂದಿನಿಂದ ಕೈ ಚಾಚಿ ಲೋಟ ತೆಗೆದುಕೊಂಡು, ತಲೆಯ ಮೇಲಿನ ಫ್ಯಾನಿಗೆ "ಸಕ್ಕರೆ ಕಮ್ಮಿ" ಎಂದರು. ಒಂಬತ್ತು ದಿನದಿಂದ ನಮ್ಮ ಮನೆಯ ಕ್ಯಾಲೆಂಡರೂ ಫ್ಯಾನೂ ಹೀಗೆ ಅನ್ಯೋನ್ಯವಾಗಿ ಸಂಸಾರ ಮಾಡುತ್ತಿದ್ದವು. ಮಗಳು ಹಾಸ್ಟೆಲಿನಲ್ಲಿದ್ದಾಳೆ, "ನಿಮ್ಮಪ್ಪನಿಗೆ ಹೇಳು" ಎನ್ನಲು ಬೇರೆ ಯಾರಿದ್ದಾರೆ?

ಅಷ್ಟರಲ್ಲಿ ಗೇಟು ಸದ್ದಾಯಿತು. ಭದ್ರಾವತಿಯ ಅತ್ತೆ!

ನನ್ನ ಗಂಡನ ಈ ಸೋದರತ್ತೆ ಜಿಲ್ಲೆಯಲ್ಲೇ ಅತ್ಯಂತ ಅಪಾಯಕಾರಿ ಹೆಂಗಸು ಎಂದರೆ ನೀವು ನಂಬಲಾರಿರಿ. ತ್ಯಾವರೆಕೊಪ್ಪದ ಸಫಾರಿಯ ಹುಲಿಗಳಾದರೂ ಬೇಲಿಯೊಳಗಿವೆ. ಇವರು ಬಸ್ಸಿನಲ್ಲಿ ಓಡಾಡುತ್ತಾರೆ! ಇವರ ಆಯುಧ ಒಂದೇ: ಆಡಿದ ಮಾತನ್ನು ಆಡಿದ ಹಾಗೇ ನಂಬುವುದು.

ಪಂಕ್ತಿಯಲ್ಲಿ ಕೂತವರು "ಬೇಡ, ಬೇಡ" ಎನ್ನುವುದು, ಬಡಿಸುವವರು "ಅಯ್ಯೋ, ಒಂದೇ ಒಂದು" ಎಂದು ಎಲೆಗೆ ಹಾಕುವುದು ನಮ್ಮ ಕಡೆಯ ಮರ್ಯಾದೆ ತಾನೆ? ನನ್ನ ಗಂಡನ ಸ್ನೇಹಿತರೊಬ್ಬರು ಅದನ್ನೇ ನೆಚ್ಚಿಕೊಂಡು ಅತ್ತೆಯ ಮನೆಯಲ್ಲಿ ಹೋಳಿಗೆಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಅತ್ತೆ ಹೋಳಿಗೆಯ ತಟ್ಟೆಯೊಂದಿಗೆ ಸೀದಾ ಮುಂದಿನವರ ಬಳಿಗೆ ಹೋದರು. ಆ ಮನುಷ್ಯ ಬರೀ ತುಪ್ಪ ನೆಕ್ಕಿ ಎದ್ದರು. ಕೈ ತೊಳೆಯುವಾಗ ಅತ್ತೆಯೇ ಕೇಳಿದರು: "ಬೇಕಾದ್ರೆ ಬೇಕು ಅನ್ನಪ್ಪ. ಬಾಯಿ ನಿಂದೇ ತಾನೆ?"

ಹೊಳೆಹೊನ್ನೂರಿನಲ್ಲಿ ನೆಂಟರ ಹುಡುಗಿಯೊಬ್ಬಳನ್ನು ನೋಡಲು ಗಂಡಿನವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಮುಗಿಸಿ, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಎದ್ದರು. ಅತ್ತೆ ಹೋಗಿ ಬಾಗಿಲಿಗೆ ಅಡ್ಡ ನಿಂತರು!

"ಊರಲ್ಲಿ ಯಾರನ್ನ ಕೇಳ್ಬೇಕು? ಎಲ್ಲಾರೂ ಇಲ್ಲೇ ಇದ್ದೀರಲ್ಲ!"

ಹುಡುಗನ ತಾಯಿ ಬೆವರು ಒರೆಸಿಕೊಂಡು, "ಹುಡುಗಿ ಸ್ವಲ್ಪ ಕುಳ್ಳಿ..." ಎಂದರು.

"ಹ್ಞಾಂ, ಹೇಳಿದ್ರಲ್ಲ. ಇನ್ನು ಆ ಮಗು ದಿನಾ ನಿಮ್ಮ ಫೋನಿಗೆ ಕಾಯ್ತಾ ಕೂರೋದು ತಪ್ತು. ಕೂತ್ಕೊಳ್ಳಿ, ಇನ್ನೊಂದ್ ಲೋಟ ಕಾಫಿ ಕುಡ್ಕೊಂಡು ಹೋಗಿ."

ಇಂಥವರು ಹಿಂದಿನ ದಿನ ಫೋನ್ ಮಾಡಿ ಭಾನುವಾರ ನಮ್ಮನೆಗೆ ಬರ್ತೀರಾ ಎಂದು ಕೇಳಿದ್ದರು. ನಾನು "ಅವರನ್ನೇ ಕೇಳಿ" ಎಂದಿದ್ದೆ. ನನ್ನ ಗಂಡ "ಅವಳನ್ನೇ ಕೇಳಿ" ಎಂದಿದ್ದರಂತೆ. ಅಷ್ಟು ಸಾಕಾಗಿತ್ತು. ಅತ್ತೆ ಮೊದಲ ಬಸ್ಸಿಗೇ ಬಂದು ನಮ್ಮಿಬ್ಬರ ನಡುವೆ ಕೂತರು.

"ಏನು ರಗಳೆ?"

ರಗಳೆ ಇಷ್ಟೇ. ಪಕ್ಕದ ಬೀದಿಯ ಶಿಶುವಿಹಾರಕ್ಕೆ ಬೆಳಗಿನ ಹೊತ್ತು ಪಾಠ ಮಾಡಲು ನನ್ನನ್ನು ಕೇಳಿದ್ದರು. ಫೋನು ಎತ್ತಿದ ನನ್ನ ಗಂಡ, "ಅವಳಿಗೆ ಅದೆಲ್ಲ ಆಗಲ್ಲ ಬಿಡಿ" ಎಂದು ಇಟ್ಟುಬಿಟ್ಟರು. ನಾನು ಎರಡೇ ಹೆಜ್ಜೆ ಆಚೆ, ಸೊಪ್ಪು ಬಿಡಿಸುತ್ತ ಕೂತಿದ್ದೆ! ಆದರೂ ಏನೂ ಹೇಳಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಕಲಿಸಿದ ಮೊದಲ ಪಾಠ ತುಟಿಯ ಮೇಲೆ ಬೆರಳು. ಥ್ಯಾಂಕ್ಯೂ, ಸಾರಿ, ಪ್ಲೀಸ್ ಎಲ್ಲ ಆಮೇಲೆ ಬಂದವು. "ನನಗೆ ಬೇಕು" ಎನ್ನುವ ಪಾಠ ಕೊನೆಯವರೆಗೂ ಬರಲೇ ಇಲ್ಲ. ಶಾಲೆಯವರು ಮತ್ತೆ ನನಗೇ ಫೋನ್ ಮಾಡಿ, ಇವತ್ತು ಸಂಜೆಯೊಳಗೆ ಹೇಳಿ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು.

"ಅತ್ತೆ, ನೀವೇ ಅವರಿಗೆ ಸ್ವಲ್ಪ ಹೇಳಿ..." ಎಂದೆ.

"ನಾನ್ಯಾಕೆ ಹೇಳ್ಲಿ ಮಾರಾಯ್ತಿ? ನಾನೇನು ಪೋಸ್ಟ್ ಡಬ್ಬಿನಾ?"

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಅತ್ತೆ, ಅವಳಿಗೆ ಹೇಳಿ, ನಾನು ಅವಳಿಗೆ ಸುಸ್ತಾಗುತ್ತೆ ಅಂತ..."

"ಅವಳಿಗೆ ಕಿವಿ ಚೆನ್ನಾಗಿ ಕೇಳ್ಸುತ್ತಲ್ಲೋ! ನೀನೇ ಹೇಳು."

ಅಡುಗೆಮನೆಯಲ್ಲಿ ಕುಕ್ಕರು ಮೂರು ಸಲ ಕೂಗಿತು. ಯಾರೂ ಏಳಲಿಲ್ಲ, ಅತ್ತೆ ಏಳಗೊಡಲಿಲ್ಲ. ಕೊನೆಗೆ ನಾನು ಕ್ಯಾಲೆಂಡರ್ ಬಿಟ್ಟು ಅವರ ಮುಖ ನೋಡಿದೆ. ಎಡಗೆನ್ನೆಯಲ್ಲಿ ಒಂದು ಕಡೆ ಗಡ್ಡ ಹಾಗೇ ಉಳಿದಿತ್ತು. ಮಾತಾಡುತ್ತಿದ್ದ ದಿನಗಳಲ್ಲಿ ಅದನ್ನು ತೋರಿಸಿಕೊಡುತ್ತಿದ್ದವಳು ನಾನು.

"ನನಗೆ ಆಗುತ್ತೆ. ನನಗೆ ಬೇಕು. ಸೋಮವಾರದಿಂದ ಹೋಗ್ತೀನಿ."

"ಮೊದಲೇ ಹೇಳಬಹುದಿತ್ತಲ್ಲ?"

"ಮೊದಲೇ ಕೇಳಬಹುದಿತ್ತಲ್ಲ?"

"...ಹೌದು, ಕೇಳಬೇಕಿತ್ತು" ಎಂದರು. ಫ್ಯಾನಿಗಲ್ಲ, ನನಗೆ.

ಅವರ ಎದುರಿಗೇ ಶಾಲೆಗೆ ಫೋನ್ ಮಾಡಿ ಬರುತ್ತೇನೆಂದು ಹೇಳಿದೆ. ಊಟ ಮುಗಿಸಿ ಅತ್ತೆಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಕೇಳಿಯೇಬಿಟ್ಟೆ: "ಯಾರ ಮಾತನ್ನೂ ಯಾಕೆ ದಾಟಿಸಲ್ಲ ನೀವು?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಮದುವೆಯಾದಾಗ ಕೂಡುಮನೆ. ಹಿರಿಯರ ಎದುರು ಗಂಡನ ಹತ್ರ ಮಾತಾಡೋ ಹಾಗಿರ್ಲಿಲ್ಲ. ಏನಿದ್ರೂ ನಮ್ಮತ್ತೆಗೆ ಹೇಳ್ಬೇಕು, ಅವ್ರು ಇವ್ರಿಗೆ ಹೇಳ್ಬೇಕು. ಹನ್ನೊಂದು ವರ್ಷ ಕಣೇ. ಫ್ಯಾಕ್ಟರಿ ಕ್ವಾರ್ಟರ್ಸ್ ಸಿಕ್ತು, ಇನ್ನು ನಾವಿಬ್ರೇ, ಎಷ್ಟು ಬೇಕಾದ್ರೂ ಮಾತಾಡ್ಬಹುದು ಅಂದ್ಕೊಂಡೆ. ಅಷ್ಟೊತ್ತಿಗೆ ಮಿಷನ್ ಸದ್ದಿಗೆ ನಮ್ಮನೆಯವ್ರ ಕಿವಿ ಹೋಗಿತ್ತು."

"ಈಗ?" ಎಂದೆ.

"ಈಗೇನು? ಕೂಗ್ತೀನಿ! ಬೀದಿಯೋರೆಲ್ಲ ಕೇಳಿಸ್ಕೊಳ್ಳಲಿ. ನನ್ನ ಗಂಡನ ಹತ್ರ ನಾನು ಮಾತಾಡೋಕೆ ನಾಚಿಕೆಯೇನು?" ಎಂದು ಭದ್ರಾವತಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತವರನ್ನು "ಸ್ವಲ್ಪ ಸರ್ಕೊಳ್ಳಪ್ಪಾ, ನಂಗೆ ಗಾಳಿ ಬೇಕು" ಎಂದು ಎಬ್ಬಿಸಿದರು.

ಸಂಜೆ ನಮ್ಮಿಬ್ಬರಿಗೂ ಜಗಳವೇ ಆಯಿತು. ಸೋಮವಾರ ಬೆಳಿಗ್ಗೆ ತಿಂಡಿ ಯಾರು ಮಾಡುವುದು, ಮೋಟಾರು ಯಾರು ಹಾಕುವುದು, ಉಪ್ಪಿಟ್ಟಿಗೆ ಮೊದಲು ರವೆ ಹುರಿಯಬೇಕೆಂಬುದು ಇಷ್ಟು ವರ್ಷವಾದರೂ ಅವರಿಗೆ ಯಾಕೆ ಗೊತ್ತಿಲ್ಲ... ಜೋರಾಗಿ, ಮುಖಕ್ಕೆ ಮುಖ ಕೊಟ್ಟು! ನಡುವೆ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಬಂದೆ. ಕಾಂಪೌಂಡಿನ ಆಚೆ ಕರಿಬೇವು ಕೀಳುತ್ತಿದ್ದ ಪಕ್ಕದ ಮನೆಯಾಕೆ ತಲೆ ಎತ್ತದೆಯೇ ಕೇಳಿದರು:

"ನೆಂಟರು ಇನ್ನೂ ಹೋಗಿಲ್ವೇನ್ರೀ? ಒಳಗೆ ಮಾತು ಕೇಳಿಸ್ತಾ ಇತ್ತು."